ಕಟ್ಟುವುದಕ್ಕೆ ಸಾಲ, ಕಾಯುವುದಕ್ಕೆ ಕೊರತೆ: ಹಳೆಯ ಸೇತುವೆಗಳ ಹಣಕಾಸು

2024ರ ಆಗಸ್ಟ್ ತಿಂಗಳ ಒಂದೇ ವಾರದಲ್ಲಿ ಕರ್ನಾಟಕದ ಎರಡು ಹಳೆಯ ನಿರ್ಮಾಣಗಳು ಕೈಕೊಟ್ಟವು. ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ನದಿಯ ಮೇಲಿದ್ದ ಸುಮಾರು 40 ವರ್ಷ ಹಳೆಯ ಸೇತುವೆ ಕುಸಿಯಿತು. ಅದರ ಮೇಲೆ ಹೋಗುತ್ತಿದ್ದ ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಉಳಿದರು. ಮೂರು ದಿನಗಳ ನಂತರ, ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್, ಅಂದರೆ ಹೆಚ್ಚುವರಿ ನೀರು ಬಿಡುವ ಮೇಲಿನ ಬಾಗಿಲು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎರಡೂ ಕಡೆ ಅಧಿಕಾರಿಗಳು ಓಡಿದರು, ಸಚಿವರು ಭೇಟಿ ಕೊಟ್ಟರು, ತನಿಖೆಗೆ ಆದೇಶವಾಯಿತು. ಆದರೆ ಈ ಎರಡು ನಿರ್ಮಾಣಗಳ ಕಾನೂನಿನ ಸ್ಥಾನಮಾನದಲ್ಲಿ ಒಂದು ದೊಡ್ಡ ವ್ಯತ್ಯಾಸವಿತ್ತು, ಅದನ್ನು ಆ ದಿನಗಳಲ್ಲಿ ಹೆಚ್ಚು ಜನ ಗಮನಿಸಲಿಲ್ಲ.

ಅಣೆಕಟ್ಟುಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲದ ನಂತರ ತಪಾಸಣೆ ನಡೆಸಬೇಕು, ನಿರ್ವಹಣೆಗೂ ದುರಸ್ತಿಗೂ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು ಎಂದು ಅದು ಅಣೆಕಟ್ಟಿನ ಮಾಲೀಕರ ಮೇಲೆ ಹೊಣೆ ಹೊರಿಸುತ್ತದೆ. ಮೇಲ್ವಿಚಾರಣೆಗೆ ರಾಷ್ಟ್ರೀಯ ಪ್ರಾಧಿಕಾರವಿದೆ, ರಾಜ್ಯಗಳಲ್ಲಿ ಸಂಸ್ಥೆಗಳಿವೆ. ರಸ್ತೆ ಸೇತುವೆಗಳಿಗೆ ಇಂಥ ಕಾಯ್ದೆಯಿಲ್ಲ. ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಟಿಸಿದ ಮಾರ್ಗಸೂಚಿಗಳಿವೆ, ಇಲಾಖೆಗಳ ಸುತ್ತೋಲೆಗಳಿವೆ, ಗುತ್ತಿಗೆ ಕರಾರಿನ ಷರತ್ತುಗಳಿವೆ. ಸೇತುವೆಯೊಂದನ್ನು ಪರೀಕ್ಷಿಸದೆ, ಪರೀಕ್ಷಿಸಿದ ಮೇಲೂ ದುರಸ್ತಿಗೆ ಹಣ ಇಡದೆ ಹೋದರೆ ಅದೇ ಒಂದು ಅಪರಾಧವೆಂದು ಹೇಳುವ ಶಾಸನ ಮಾತ್ರ ಇಲ್ಲ. ಕುಸಿದು ಬಿದ್ದ ಮೇಲೆ ನಿರ್ಲಕ್ಷ್ಯದ ಆರೋಪದಡಿ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗುತ್ತದೆ, ಕಾಳಿ ಸೇತುವೆಯ ವಿಷಯದಲ್ಲಿ ಆದದ್ದೂ ಅದೇ. ಅಣೆಕಟ್ಟು ಕಾಯ್ದೆ ಇದ್ದೂ 19ನೇ ಗೇಟ್ ಹೋಯಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಕಾಯ್ದೆಯೊಂದರಿಂದಲೇ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಆದರೆ ಯಾರು ಏನನ್ನು ಯಾವಾಗ ಮಾಡಬೇಕಿತ್ತು, ಅದಕ್ಕೆ ಹಣ ಇಟ್ಟಿದ್ದರೇ ಇಲ್ಲವೇ ಎಂಬುದನ್ನು ಕೇಳಲು ಅಲ್ಲಿ ಒಂದು ಆಧಾರವಾದರೂ ಇದೆ.

ಸೇತುವೆಗಳ ನಿರ್ವಹಣೆ ಸೋಲುವುದು ಎಂಜಿನಿಯರಿಂಗ್ ಗೊತ್ತಿಲ್ಲದ್ದರಿಂದಲ್ಲ. ಸೇತುವೆ ಹೇಗೆ ಹಳತಾಗುತ್ತದೆ ಎಂಬುದು ದಶಕಗಳಿಂದ ಚೆನ್ನಾಗಿಯೇ ಗೊತ್ತು. ಸಾರ್ವಜನಿಕ ಹಣವನ್ನು ಲೆಕ್ಕಕ್ಕೆ ಹಿಡಿಯುವ ನಮ್ಮ ಪದ್ಧತಿಯು ಹೊಸದನ್ನು ಕಟ್ಟುವವರಿಗೆ ಅನುಕೂಲವಾಗಿ, ಇದ್ದುದನ್ನು ಕಾಯುವವರಿಗೆ ಪ್ರತಿಕೂಲವಾಗಿ ನಿಂತಿದೆ. ಈ ಲೇಖನದ ವಾದ ಇಷ್ಟೇ. ಆದರೂ ಹಣದ ವಿಷಯಕ್ಕೆ ಬರುವ ಮುಂಚೆ ಸೇತುವೆಯ ಒಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ ಯಾವ ವರ್ಷ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಅದೇ.

ಕಳೆದ ಐವತ್ತು ವರ್ಷಗಳಲ್ಲಿ ನಮ್ಮಲ್ಲಿ ಕಟ್ಟಿದ ದೊಡ್ಡ ಸೇತುವೆಗಳಲ್ಲಿ ಬಹುಪಾಲು ಪ್ರೀಸ್ಟ್ರೆಸ್ಡ್ ಕಾಂಕ್ರೀಟಿನವು. ತೊಲೆಯ ಒಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಉಕ್ಕಿನ ತಂತಿಯ ಕೇಬಲ್ ಹಾಯಿಸಿ, ಜಾಕ್ ಹಾಕಿ ಬಿಗಿದೆಳೆದು, ಕೊನೆಗೆ ಸಿಮೆಂಟ್ ಹಾಲನ್ನು ಒತ್ತಡದಿಂದ ತುಂಬಿ ಮುಚ್ಚುತ್ತಾರೆ. ಆ ತುಂಬುವಿಕೆಯಲ್ಲಿ ಒಂದಿಷ್ಟು ಟೊಳ್ಳು ಉಳಿದರೆ, ಅಲ್ಲಿಗೆ ನೀರು ಸೇರಿದರೆ, ಕೇಬಲ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಸಾಮಾನ್ಯ ಕಾಂಕ್ರೀಟಿನಲ್ಲಿ ಕಂಬಿ ತುಕ್ಕು ಹಿಡಿದರೆ ಮೇಲ್ಮೈ ಉಬ್ಬಿ, ಬಿರುಕು ಬಿಟ್ಟು, ಚಕ್ಕೆ ಏಳುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಬಿಗಿದ ಕೇಬಲ್ ಹಾಗಲ್ಲ, ಹೊರಗೆ ಏನೂ ಕಾಣಿಸದೆಯೇ ಅದು ತುಂಡಾಗಬಹುದು. ಕರಾವಳಿಯಲ್ಲಿ ಉಪ್ಪುಗಾಳಿ ಮತ್ತು ಉಪ್ಪುನೀರು ಈ ಕೆಲಸವನ್ನು ಬೇಗ ಮುಗಿಸುತ್ತವೆ. ಇದರ ಪಾಠ ಕಾರವಾರದ ಪಕ್ಕದಲ್ಲೇ ಇತ್ತು. ಪಣಜಿಯಲ್ಲಿ ಮಾಂಡೋವಿ ನದಿಗೆ ಕಟ್ಟಿದ್ದ ನೆಹರೂ ಸೇತುವೆ ಬಳಕೆಗೆ ಬಂದು ಎರಡು ದಶಕವೂ ತುಂಬುವ ಮೊದಲೇ, 1986ರ ಜುಲೈ 5ರಂದು ಕುಸಿಯಿತು, ಮುಖ್ಯ ಕಾರಣ ಕೇಬಲ್‌ಗಳಿಗೆ ಹಿಡಿದ ತುಕ್ಕು. ಕರಾವಳಿಯ ಪ್ರೀಸ್ಟ್ರೆಸ್ಡ್ ಸೇತುವೆಗಳನ್ನು ಒಳನಾಡಿನವುಗಳಿಗಿಂತ ಬೇರೆಯಾಗಿಯೇ, ಹೆಚ್ಚು ಸಲ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಬೇಕಿರಲಿಲ್ಲ.

ಉಪ್ಪುಗಾಳಿ ಇಲ್ಲದ ಬೆಂಗಳೂರಿನಲ್ಲೂ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2010ರಲ್ಲಿ. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವಿನ ಅಂಕಣದಲ್ಲಿ ಕೇಬಲ್‌ಗಳು ಹಾಳಾಗಿರುವುದು ಪತ್ತೆಯಾಗಿ ಇಡೀ ಸೇತುವೆಯನ್ನು ಮುಚ್ಚಲಾಯಿತು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ಸಿಕ್ಕಿತು. ಲಾರಿ ಬಸ್ಸುಗಳು ಮತ್ತೆ ಅದರ ಮೇಲೆ ಹೋಗಲು 2024ರ ಜುಲೈ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯಂತೆ ಪ್ರತಿ ಅಂಕಣಕ್ಕೂ ಹೊಸ ಕೇಬಲ್ ಸೇರಿಸಿ, ಭಾರ ಹೇರಿ ಪರೀಕ್ಷಿಸಲಾಗಿತ್ತು. ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಹನ್ನೊಂದು ವರ್ಷಕ್ಕೇ ಕೇಬಲ್ ಹಾಳಾದದ್ದು ಕಟ್ಟಿದ ಗುಣಮಟ್ಟದ ಪ್ರಶ್ನೆ, ವಯಸ್ಸಿನದ್ದಲ್ಲ. ಆದರೆ ಅದು ಕುಸಿಯುವ ಮುಂಚೆಯೇ ಗೊತ್ತಾದದ್ದು ತಪಾಸಣೆಯ ಗೆಲುವು. ಪೀಣ್ಯ, ಯಶವಂತಪುರ, ಗೊರಗುಂಟೆಪಾಳ್ಯದ ಜನ ಎರಡೂವರೆ ವರ್ಷ ವಾಹನ ದಟ್ಟಣೆಯಲ್ಲಿ ಸಿಕ್ಕಿ ಶಪಿಸಿದರು. ಆ ಸಿಟ್ಟು ಸಹಜವೇ. ಆದರೂ ಯಾವ ಜೀವವೂ ಹೋಗದೆ ಮುಗಿದ ಪ್ರಕರಣವೆಂದು ಪೀಣ್ಯದ ಮುಚ್ಚುವಿಕೆಯನ್ನು ನಾವು ವೈಫಲ್ಯಗಳ ಪಟ್ಟಿಯಿಂದ ತೆಗೆದು ಬೇರೆ ಕಡೆ ಇಡಬೇಕು ಎನ್ನುವುದು ನನ್ನ ಅಭಿಪ್ರಾಯ. ಸೇತುವೆ ಮುಚ್ಚುವ ಧೈರ್ಯ ತೋರುವ ಅಧಿಕಾರಿಗೆ ನಮ್ಮಲ್ಲಿ ಸಿಗುವುದು ಬೈಗುಳ ಮಾತ್ರ.

ಉಳಿದ ಕಾರಣಗಳು ಇನ್ನೂ ಸಾಧಾರಣವಾದವು. ಸೇತುವೆಯ ಮೇಲಿನ ಮಳೆನೀರು ಹೊರಹೋಗುವ ಕೊಳವೆಗೆ ಕಸ ಕಟ್ಟುತ್ತದೆ. ನೀರು ಎಕ್ಸ್‌ಪ್ಯಾನ್ಶನ್ ಜಾಯಿಂಟಿನ, ಅಂದರೆ ಹಿಗ್ಗುವಿಕೆಗೆಂದು ಬಿಟ್ಟ ಜೋಡಣೆಯ, ಸಂದಿನಿಂದ ಇಳಿದು ಕಂಬದ ತಲೆಯ ಮೇಲೆ ನಿಲ್ಲುತ್ತದೆ. ಅಲ್ಲಿ ತೊಲೆಯನ್ನು ಹೊತ್ತು ಅದಕ್ಕೆ ಅಲುಗಲು ಅವಕಾಶ ಕೊಡುವ ಬೇರಿಂಗ್ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಬೇಕಾದ ತೊಲೆಗೆ ಜಾಗವಿಲ್ಲದೆ ಕಂಬವನ್ನೇ ತಳ್ಳತೊಡಗುತ್ತದೆ. ಕೊಳವೆಯ ಕಸ ತೆಗೆಯಲು ಒಬ್ಬ ಕೆಲಸಗಾರನ ಒಂದು ದಿನದ ಕೂಲಿ ಸಾಕು. ಬೇರಿಂಗ್ ಬದಲಾಯಿಸಲು ಸಂಚಾರ ನಿಲ್ಲಿಸಿ, ಜಾಕ್ ಕೊಟ್ಟು ಇಡೀ ತೊಲೆಯನ್ನು ಎತ್ತಬೇಕು. ನದಿಯ ತಳದ ಕಥೆ ಬೇರೆ. ಪ್ರವಾಹದ ಸೆಳೆತ ಅಡಿಪಾಯದ ಸುತ್ತಲಿನ ಮಣ್ಣನ್ನು ಕೊರೆದು ಒಯ್ಯುತ್ತದೆ, ಮರಳುಗಾರಿಕೆ ನಡೆಯುವಲ್ಲಿ ಈ ಕೊರೆತ ದುಪ್ಪಟ್ಟು ಅಪಾಯಕಾರಿ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಸ್ಥಳೀಯರು ಬೆರಳು ತೋರಿಸಿದ್ದು ಮರಳು ತೆಗೆಯುವವರ ಕಡೆಗೆ. ಸೇತುವೆಯ ಆಸುಪಾಸಿನಲ್ಲಿ ಮರಳು ತೆಗೆಯುವುದನ್ನು ನಿಯಮಗಳು ನಿಷೇಧಿಸುತ್ತವೆ. ಅದನ್ನು ಜಾರಿ ಮಾಡಬೇಕಾದದ್ದು ಒಂದು ಇಲಾಖೆ, ಸೇತುವೆ ಇನ್ನೊಂದು ಇಲಾಖೆಯದು.

ಇದಕ್ಕೆ ಭಾರದ ಲೆಕ್ಕವನ್ನೂ ಸೇರಿಸಬೇಕು. 2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಸರಕು ವಾಹನಗಳ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಅನುಮತಿಸಿದ ಭಾರವನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲೆ 10.2 ಟನ್ ಇದ್ದ ಮಿತಿ 11.5 ಟನ್ ಆಯಿತು. ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಏರಿತು. ಸಾಗಣೆ ವೆಚ್ಚ ಇಳಿಸುವುದು ಉದ್ದೇಶವಾಗಿತ್ತು, ಹೇಗೂ ಹೆಚ್ಚು ತುಂಬುತ್ತಿದ್ದುದನ್ನು ಕಾನೂನುಬದ್ಧಗೊಳಿಸಿದ್ದು ಅದರ ಇನ್ನೊಂದು ಮುಖ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ಬಂದ ಒಂದು ಸೂತ್ರವನ್ನು ರಸ್ತೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ರಸ್ತೆಯ ಸವೆತವು ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆ ಲೆಕ್ಕದಲ್ಲಿ ಭಾರದಲ್ಲಿ ಶೇ. 13ರ ಏರಿಕೆ ಎಂದರೆ ಸವೆತದಲ್ಲಿ ಸುಮಾರು ಶೇ. 60ರ ಏರಿಕೆ. ಸೇತುವೆಗಳಿಗೆ ಈ ಸೂತ್ರ ಹಾಗೆಯೇ ಅನ್ವಯವಾಗುವುದಿಲ್ಲ, ಅವುಗಳಿಗೆ ದಣಿವಿನ ಬೇರೆ ಲೆಕ್ಕಗಳಿವೆ. ಆದರೆ ದಿಕ್ಕು ಅದೇ. ಒಂದು ಅಧಿಸೂಚನೆಯಿಂದ ದೇಶದ ರಸ್ತೆಗಳ ಆಯುಷ್ಯ ಕಡಿಮೆಯಾದಾಗ ನಿರ್ವಹಣೆಯ ಅನುದಾನವೂ ಅದೇ ಪ್ರಮಾಣದಲ್ಲಿ ಏರಬೇಕಿತ್ತು. ಏರಲಿಲ್ಲ.

ಈಗ ಹಣದ ವಿಷಯ. ರಾಜ್ಯ ಸರ್ಕಾರದ ಬಜೆಟ್ ಪುಸ್ತಕದಲ್ಲಿ ರಸ್ತೆ ಮತ್ತು ಸೇತುವೆಗಳಿಗೆ ಎರಡು ಲೆಕ್ಕಶೀರ್ಷಿಕೆಗಳಿವೆ. 5054 ಎಂದರೆ ಬಂಡವಾಳ ವೆಚ್ಚ: ಹೊಸ ಸೇತುವೆ, ಹೊಸ ರಸ್ತೆ, ಅಗಲೀಕರಣ. 3054 ಎಂದರೆ ರಾಜಸ್ವ ವೆಚ್ಚ: ಗುಂಡಿ ಮುಚ್ಚುವುದು, ಮರುಡಾಂಬರೀಕರಣ, ಮೋರಿ ಸ್ವಚ್ಛತೆ, ಬಣ್ಣ, ಬೇರಿಂಗ್, ಜಾಯಿಂಟ್, ತಪಾಸಣೆ. ಲೋಕೋಪಯೋಗಿ ಇಲಾಖೆಯ ಉಪವಿಭಾಗದ ಕಚೇರಿಯಲ್ಲಿ ಕುಳಿತರೆ ಈ ಎರಡು ಸಂಖ್ಯೆಗಳು ಊರಿನ ಹೆಸರುಗಳಂತೆ ಓಡಾಡುವುದು ಕೇಳಿಸುತ್ತದೆ. ಹೊರಗಿನವರಿಗೆ ಇದು ಗುಮಾಸ್ತರ ವಿಂಗಡಣೆ ಎನಿಸಬಹುದು, ಆದರೆ ಸೇತುವೆಯ ಹಣೆಬರಹ ಇದರಲ್ಲೇ ಇದೆ. ಸರ್ಕಾರ ಸಾಲ ಮಾಡಿ 5054ರಲ್ಲಿ ಖರ್ಚು ಮಾಡಿದರೆ ಅದು ಆಸ್ತಿ ಸೃಷ್ಟಿ, ಅಭಿವೃದ್ಧಿ, ಹೊಗಳಿಕೆಯ ಮಾತು. 3054ರಲ್ಲಿ ಖರ್ಚು ಮಾಡಿದರೆ ಅದು ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗಳ ಸಾಲಿಗೆ ಸೇರಿ ರಾಜಸ್ವ ಕೊರತೆಯನ್ನು, ಅಂದರೆ ಮಾಮೂಲು ಖರ್ಚು ಮಾಮೂಲು ಆದಾಯವನ್ನು ಮೀರಿದ ಮೊತ್ತವನ್ನು, ಹೆಚ್ಚಿಸುತ್ತದೆ.

ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ, 2002ರಲ್ಲಿ. ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ (ಸಾಲದಿಂದ ತುಂಬಬೇಕಾದ ಒಟ್ಟು ಕೊರತೆ) ರಾಜ್ಯದ ಒಟ್ಟು ಉತ್ಪನ್ನದ ಶೇ. 3ನ್ನು ಮೀರಬಾರದು ಎಂಬ ಶಿಸ್ತು ಅದರ ತಿರುಳು. ರಾಜ್ಯದ ಹಣಕಾಸಿಗೆ ಆ ಶಿಸ್ತಿನಿಂದ ಒಳ್ಳೆಯದೇ ಆಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ರಾಜಸ್ವ ವೆಚ್ಚವನ್ನು ಕಡಿತ ಮಾಡಬೇಕಾದ ವರ್ಷದಲ್ಲಿ ಯಾವುದನ್ನು ಕಡಿಯುತ್ತಾರೆ? ಸಂಬಳ ತಡೆಯಲಾಗುವುದಿಲ್ಲ, ಪಿಂಚಣಿ ತಡೆಯಲಾಗುವುದಿಲ್ಲ, ಬಡ್ಡಿ ತಪ್ಪಿಸುವಂತಿಲ್ಲ, ಗ್ಯಾರಂಟಿ ಯೋಜನೆಗಳ ಹಣ ತಿಂಗಳು ತಪ್ಪಿದರೆ ಮರುದಿನವೇ ಸುದ್ದಿ. ಕಡಿದರೂ ಆ ವರ್ಷ ಯಾರೂ ಕೇಳದ ಬಾಬ್ತು 3054 ಮಾತ್ರ. ಸೇತುವೆ ಈ ವರ್ಷ ಬೀಳುವುದಿಲ್ಲ, ಮುಂದಿನ ವರ್ಷವೂ ಬೀಳುವುದಿಲ್ಲ. ಹತ್ತು ವರ್ಷಗಳ ನಂತರ ಬಿದ್ದಾಗ ಕಡಿತ ಮಾಡಿದ ಸಚಿವರೂ ಇರುವುದಿಲ್ಲ, ಕಾರ್ಯದರ್ಶಿಯೂ ಇರುವುದಿಲ್ಲ. ಆಗ ಹೊಸ ಸೇತುವೆಗೆ 5054ರಲ್ಲಿ ಹಣ ಸಿಗುತ್ತದೆ, ಗುದ್ದಲಿ ಪೂಜೆ ನಡೆಯುತ್ತದೆ.

ಲೆಕ್ಕದ ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಒಂದು ಕಾರ್ಖಾನೆ ತನ್ನ ಯಂತ್ರದ ಸವೆತವನ್ನು ಪ್ರತಿ ವರ್ಷ ಖರ್ಚೆಂದು ತೋರಿಸಲೇಬೇಕು. ನಮ್ಮ ಸರ್ಕಾರಗಳು ನಗದು ಪದ್ಧತಿಯಲ್ಲಿ ಲೆಕ್ಕ ಬರೆಯುತ್ತವೆ. ಹಣ ಹೊರಹೋದಾಗ ಮಾತ್ರ ಖರ್ಚು. ಸೇತುವೆ ವರ್ಷದಿಂದ ವರ್ಷಕ್ಕೆ ಕಳೆದುಕೊಳ್ಳುವ ಬೆಲೆ ಯಾವ ಪುಟದಲ್ಲೂ ಕಾಣುವುದಿಲ್ಲ. ಹೀಗಾಗಿ ನಿರ್ವಹಣೆಯನ್ನು ಬಿಟ್ಟ ಸರ್ಕಾರ ಲೆಕ್ಕಪುಸ್ತಕದಲ್ಲಿ ಮಿತವ್ಯಯಿಯಾಗಿ ಕಾಣುತ್ತದೆ. ನಿಜದಲ್ಲಿ ಅದು ಸಾಲ ಮಾಡಿರುತ್ತದೆ. ಸಾಲಪತ್ರ ಮಾತ್ರ ಇರುವುದಿಲ್ಲ. ಆ ಸಾಲದ ಬಡ್ಡಿಯ ದರ ಎಷ್ಟು ಭಾರಿ ಎಂಬುದಕ್ಕೆ ಹಳೆಯದಾದರೂ ಇನ್ನೂ ಉಲ್ಲೇಖವಾಗುವ ಒಂದು ಅಂದಾಜಿದೆ. 85 ಅಭಿವೃದ್ಧಿಶೀಲ ದೇಶಗಳ ರಸ್ತೆಗಳನ್ನು ನೋಡಿ ವಿಶ್ವಬ್ಯಾಂಕ್ 1988ರಲ್ಲಿ ಹೇಳಿದ್ದು: ಎರಡು ದಶಕಗಳಲ್ಲಿ 4,500 ಕೋಟಿ ಡಾಲರ್ ಬೆಲೆಯ ರಸ್ತೆಗಳು ಹಾಳಾಗಿವೆ, ಸಕಾಲದಲ್ಲಿ 1,200 ಕೋಟಿ ಡಾಲರ್ ಖರ್ಚು ಮಾಡಿದ್ದರೆ ಆ ನಷ್ಟ ತಪ್ಪುತ್ತಿತ್ತು.

ರೈಲ್ವೆ ಇಲಾಖೆಯನ್ನು ಇಲ್ಲಿ ಹೋಲಿಸಬಹುದು. ಸವೆದ ಆಸ್ತಿಯನ್ನು ಬದಲಾಯಿಸಲೆಂದೇ ಅದಕ್ಕೆ ಬ್ರಿಟಿಷರ ಕಾಲದಿಂದ ಒಂದು ಸವಕಳಿ ನಿಧಿ ಇದೆ; ಸೇತುವೆಗಳನ್ನು ಮಳೆಗಾಲದ ಮೊದಲು ಮತ್ತು ಆಮೇಲೆ ನೋಡುವ ಪದ್ಧತಿ ಇದೆ; ಇಂಥ ಸೇತುವೆಗೆ ಇಂಥವನೇ ಹೊಣೆ ಎಂಬ ದಾಖಲೆ ಇದೆ. ಇತ್ತೀಚಿನ ವರ್ಷಗಳಲ್ಲಿ ಆ ನಿಧಿಗೆ ಹಾಕುವ ಮೊತ್ತ ತೀರಾ ಕುಗ್ಗಿದೆಯೆಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ಆಕ್ಷೇಪಿಸಿದ್ದೂ ಉಂಟು. ಆದರೆ ಆಕ್ಷೇಪಿಸಲು ಅಲ್ಲಿ ಒಂದು ನಿಧಿಯಿದೆ, ಅದರ ಮೊತ್ತವಿದೆ. ರಸ್ತೆಗಳ ವಿಷಯದಲ್ಲಿ ಅದೂ ಇಲ್ಲ.

ಕೇಂದ್ರದ ಮಟ್ಟದಲ್ಲಿ ಚಿತ್ರ ಬೇರೆಯೇನಲ್ಲ. 2023-24ರಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯಕ್ಕೆ ಸಿಕ್ಕ ಸುಮಾರು 2.70 ಲಕ್ಷ ಕೋಟಿ ರೂಪಾಯಿಯಲ್ಲಿ ನಿರ್ವಹಣೆ ಮತ್ತು ದುರಸ್ತಿಯ ಬಾಬ್ತಿಗೆ ಇಟ್ಟಿದ್ದು 2,600 ಕೋಟಿಯ ಆಸುಪಾಸು, ಅಂದರೆ ಶೇ. 1ಕ್ಕೂ ಕಡಿಮೆ. ಸಚಿವಾಲಯವು ತನ್ನ ವಾರ್ಷಿಕ ಬಜೆಟ್ಟಿನ ಶೇ. 10ನ್ನು ನಿರ್ವಹಣೆಗೆ ತೆಗೆದಿಡಬೇಕು, ಕ್ರಮೇಣ ಮುಂದುವರಿದ ದೇಶಗಳಲ್ಲಿರುವ ಶೇ. 40ರಿಂದ 50ರ ಮಟ್ಟದತ್ತ ಸಾಗಬೇಕು ಎಂದು ನೀತಿ ಆಯೋಗ 2018ರಲ್ಲೇ ಹೇಳಿತ್ತು, ಸಂಸತ್ತಿನ ಸ್ಥಾಯಿ ಸಮಿತಿಯೂ ಅದನ್ನು ನೆನಪಿಸಿತ್ತು. ಶೇ. 1ರ ಅಂಕಿಯನ್ನು ಹಾಗೆಯೇ ಎತ್ತಿಕೊಂಡು ಕೂಗುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು: ಟೋಲ್ ರಸ್ತೆಗಳ ನಿರ್ವಹಣೆಯನ್ನು ಒಪ್ಪಂದದ ಪ್ರಕಾರ ಕಂಪನಿಗಳೇ ಮಾಡಬೇಕು, ಹೊಸದಾಗಿ ಕಟ್ಟಿದ ರಸ್ತೆಗಳ ದೋಷಗಳನ್ನು ಕರಾರಿನಲ್ಲಿ ಹೇಳಿದ ಅವಧಿಯವರೆಗೆ ಗುತ್ತಿಗೆದಾರರೇ ಸರಿಪಡಿಸಬೇಕು. ಆ ಖರ್ಚು ಈ ಅಂಕಿಯಲ್ಲಿ ಸೇರಿಲ್ಲ. ಅದನ್ನೆಲ್ಲ ಕಳೆದರೂ ಉಳಿಯುವ ಹೆದ್ದಾರಿಗಳ ಉದ್ದ ಕಡಿಮೆಯೇನಲ್ಲ. ಟೋಲ್ ಒಪ್ಪಂದದೊಳಗೆ ಬಂದ ಹಳೆಯ ಸೇತುವೆಗಳದ್ದೂ ಒಂದು ತೊಡಕಿನ ಪ್ರಶ್ನೆ. ಚತುಷ್ಪಥ ಮಾಡುವಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಳ್ಳುವುದು ಸಾಮಾನ್ಯ. ಕಾಳಿಯಲ್ಲಿ ಆದದ್ದೂ ಅದೇ, ಗೋವಾದಿಂದ ಬರುವ ವಾಹನಗಳು ಹಳೆಯ ಸೇತುವೆಯ ಮೇಲಿದ್ದವು. ಹೊಸದನ್ನು ಕಟ್ಟಿದ ಕಂಪನಿ ತಾನು ಕಟ್ಟದ, ಒಳಗೆ ಏನಿದೆಯೆಂದು ತನಗೆ ಗೊತ್ತಿಲ್ಲದ ಹಳೆಯ ತೊಲೆಯನ್ನು ದಶಕಗಳ ಕಾಲ ಕಾಯಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆ ಹಳೆಯ ಸೇತುವೆಯ ಉಳಿದ ಆಯುಷ್ಯವೆಷ್ಟು ಎಂದು ಸ್ವತಂತ್ರ ಸಂಸ್ಥೆಯಿಂದ ಅಳೆಸಿ, ಬಹಿರಂಗವಾಗಿ ದಾಖಲಿಸುವುದು ಕಡ್ಡಾಯವಾಗಬೇಕು.

ಪೆಟ್ರೋಲಿನ ಮೇಲೆ ತೆರಿಗೆ ಹಾಕಿ ರಸ್ತೆಗೆ ಬಳಸುವ ಯೋಚನೆ ನಮ್ಮಲ್ಲಿ ಹೊಸದಲ್ಲ. ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1929ರ ಮಾರ್ಚ್‌ನಿಂದ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿ ಆರಂಭಿಸಿದರು. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು, ಪೆಟ್ರೋಲ್ ಡೀಸೆಲ್ ಮೇಲಿನ ಸೆಸ್‌ನಿಂದ ಹೆದ್ದಾರಿ, ಗ್ರಾಮೀಣ ರಸ್ತೆ, ರೈಲ್ವೆ ಮೇಲ್ಸೇತುವೆಗಳಿಗೆ ಹಣ ಹರಿಯಿತು. 2018ರ ತಿದ್ದುಪಡಿಯಲ್ಲಿ ಅದು ರಸ್ತೆ ಮತ್ತು ಮೂಲಸೌಕರ್ಯ ನಿಧಿಯಾಯಿತು. ರಸ್ತೆ ಬಳಸುವವರು ಕೊಟ್ಟ ಹಣಕ್ಕೆ ಬೇರೆ ಮೂಲಸೌಕರ್ಯಗಳೂ ಪಾಲುದಾರರಾದವು. ಅವುಗಳಲ್ಲಿ ಯಾವುದೂ ಅನಗತ್ಯವಲ್ಲ. ಆದರೆ ಆ ನಿಧಿಯಲ್ಲಿ ನಿರ್ವಹಣೆಗೆ ಇಂತಿಷ್ಟು ಪಾಲು ಮೀಸಲು ಎಂದು ಗಟ್ಟಿಯಾಗಿ ಹೇಳುವ ಒಂದು ಸಾಲು ಇದ್ದಿದ್ದರೆ ಇಂದಿನ ವಾದವೇ ಬೇರೆಯಾಗುತ್ತಿತ್ತು. ಇನ್ನು ವಿದ್ಯುತ್ ವಾಹನಗಳು ಹೆಚ್ಚಾದಂತೆ ಇಂಧನ ಸೆಸ್ಸಿನ ಬುಡವೇ ಕರಗುತ್ತದೆ. ವಿದ್ಯುತ್ ಬಸ್ಸು ಬ್ಯಾಟರಿಯ ಭಾರ ಹೊತ್ತು ಡೀಸೆಲ್ ಬಸ್ಸಿಗಿಂತ ಹೆಚ್ಚೇ ತೂಗುತ್ತದೆ, ರಸ್ತೆಗಾಗಿ ಕೊಡುವ ಸೆಸ್ ಮಾತ್ರ ಸೊನ್ನೆ.

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಸೂಚಿಸುವ ಹಣಕಾಸು ಆಯೋಗಗಳು ಈ ಕೊರತೆಯನ್ನು ಗುರುತಿಸಿದ ಕಾಲವೊಂದಿತ್ತು. 12ನೇ ಹಣಕಾಸು ಆಯೋಗ ರಸ್ತೆ ಮತ್ತು ಸೇತುವೆಗಳ ನಿರ್ವಹಣೆಗೆಂದೇ ರಾಜ್ಯಗಳಿಗೆ 15,000 ಕೋಟಿ ರೂಪಾಯಿ ಅನುದಾನ ಸೂಚಿಸಿತ್ತು, 13ನೆಯದು ಅದನ್ನು 19,930 ಕೋಟಿಗೆ ಏರಿಸಿತು. ರಾಜ್ಯವು ತನ್ನ ಮಾಮೂಲು ನಿರ್ವಹಣಾ ವೆಚ್ಚವನ್ನು ಇಳಿಸಬಾರದು, ಇದು ಅದರ ಮೇಲಿನ ಹೆಚ್ಚುವರಿ ಎಂಬ ಷರತ್ತಿನ ಆಶಯ ಅದರ ಹಿಂದಿತ್ತು. 14ನೇ ಆಯೋಗ ಇಂಥ ಉದ್ದೇಶಿತ ಅನುದಾನಗಳನ್ನು ಕೈಬಿಟ್ಟು ತೆರಿಗೆಯ ಪಾಲನ್ನೇ ಶೇ. 42ಕ್ಕೆ ಏರಿಸಿತು; ರಾಜ್ಯಗಳು ತಮಗೆ ಬೇಕಾದಂತೆ ಖರ್ಚು ಮಾಡಿಕೊಳ್ಳಲಿ ಎಂಬುದು ಅದರ ತರ್ಕ. ಒಕ್ಕೂಟದ ದೃಷ್ಟಿಯಿಂದ ಅದು ಸರಿಯಾದ ತರ್ಕವೇ, ಆದರೆ ಬೇಕಾದಂತೆ ಖರ್ಚು ಮಾಡಿ ಎಂದಾಗ ಯಾವ ರಾಜ್ಯವೂ ಬೇರಿಂಗ್ ಬದಲಾಯಿಸಲು ಓಡುವುದಿಲ್ಲ. 15ನೇ ಆಯೋಗ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ನಿರ್ವಹಣೆಗೆ 27,539 ಕೋಟಿ ರೂಪಾಯಿ ಶಿಫಾರಸು ಮಾಡಿತು; ಆ ವಲಯವಾರು ಅನುದಾನಗಳನ್ನು ಕೇಂದ್ರ ಸರ್ಕಾರ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಇದೇ ವರ್ಷಗಳಲ್ಲಿ ಕೇಂದ್ರವು ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲವನ್ನು ಬೆಳೆಸುತ್ತ ಬಂದು 2025-26ಕ್ಕೆ 1.5 ಲಕ್ಷ ಕೋಟಿ ರೂಪಾಯಿ ಇಟ್ಟಿತು. ಆ ಹಣ ಬಂಡವಾಳ ವೆಚ್ಚಕ್ಕೆ ಮಾತ್ರ. ಹೊಸ ಸೇತುವೆ ಕಟ್ಟಲು ಅರ್ಧ ಶತಮಾನ ಬಡ್ಡಿಯಿಲ್ಲದ ಸಾಲ, ಪಕ್ಕದ ಹಳೆಯ ಸೇತುವೆಯ ಜಾಯಿಂಟ್ ಬದಲಿಸಲು ರಾಜಸ್ವ ಕೊರತೆಯ ಭಯ: ಹೀಗಿದ್ದಾಗ ಕಾರ್ಯಪಾಲಕ ಎಂಜಿನಿಯರ್ ಯಾವ ಪ್ರಸ್ತಾವ ಬರೆದು ಕಳಿಸುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟಿನಿಂದ ದ್ವೀಪದಂತಾದ ಸಿಗಂದೂರು, ತುಮರಿ ಭಾಗದ ಜನ ಆರು ದಶಕ ಲಾಂಚ್ ಕಾದಿದ್ದರು. ಆ ಸೇತುವೆ ಅವರಿಗೆ ಸಿಗಲೇಬೇಕಿತ್ತು, ಈಗಲಾದರೂ ಸಿಕ್ಕಿತು. ಸುಮಾರು 2.4 ಕಿಲೋಮೀಟರ್ ಉದ್ದ, ವೆಚ್ಚ 470 ಕೋಟಿ ರೂಪಾಯಿಯ ಮೇಲೆ. ಸೇತುವೆಯ ಬೆಲೆಯ ಶೇ. 1ರಷ್ಟನ್ನು ಪ್ರತಿ ವರ್ಷ ಅದರ ಆರೈಕೆಗೆ ಬೇಕೆಂದು ಇಟ್ಟುಕೊಂಡರೂ ಈ ಒಂದಕ್ಕೇ ವರ್ಷಕ್ಕೆ ಸರಾಸರಿ 4.7 ಕೋಟಿ ಬೇಕು. ಮೊದಲ ವರ್ಷಗಳಲ್ಲಿ ಕಡಿಮೆ, ಮುಂದೆ ಬೇರಿಂಗ್, ಕೇಬಲ್‌ಗಳ ಸರದಿ ಬಂದಾಗ ಹೆಚ್ಚು. ಮಲೆನಾಡಿನ ತೇವದಲ್ಲಿ ಹೊರಗಡೆಯೇ ಇರುವ ಕೇಬಲ್‌ಗಳನ್ನು ಜೀವಮಾನವಿಡೀ ನೋಡಿಕೊಳ್ಳಬೇಕಾದ ಸೇತುವೆ ಇದು. ಪ್ರತಿ ಹೊಸ ಸೇತುವೆಯ ಉದ್ಘಾಟನೆಯ ಕಲ್ಲಿನಲ್ಲಿ ಅದರ ವಾರ್ಷಿಕ ನಿರ್ವಹಣಾ ವೆಚ್ಚವನ್ನೂ, ಆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೆತ್ತಿಸಬೇಕು ಎಂದರೆ ತಮಾಷೆಯೆನಿಸಬಹುದು. ಮಂಜೂರಾತಿ ಆದೇಶದಲ್ಲಾದರೂ ಅದನ್ನು ಬರೆಯಬಹುದಲ್ಲ.

ತಪಾಸಣೆಯೊಂದೇ ಸಾಕೇ ಎಂದರೆ ಸಾಲದು. 2016ರ ಆಗಸ್ಟ್‌ನಲ್ಲಿ ಮುಂಬೈ–ಗೋವಾ ಹೆದ್ದಾರಿಯ ಮಹಾಡ್‌ನಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲು ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ, ಮಹಾರಾಷ್ಟ್ರ ಸಾರಿಗೆಯ ಎರಡು ಬಸ್ಸುಗಳು ನದಿಪಾಲಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳನ್ನೆಲ್ಲ ಎಣಿಸಿ ದಾಖಲಿಸುವ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಜಾರಿಗೆ ಬಂತು. ಅದು ಲೆಕ್ಕ ಹಿಡಿದದ್ದು ಸುಮಾರು 1.72 ಲಕ್ಷ ನಿರ್ಮಾಣಗಳನ್ನು, ಅವುಗಳಲ್ಲಿ 1.34 ಲಕ್ಷ ಮೋರಿಗಳು. ತಕ್ಷಣ ಗಮನ ಬೇಕಾದ ಸೇತುವೆಗಳು 147 ಎಂದಿತು. ಒಳ್ಳೆಯ ಕೆಲಸ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಸೀಮಿತ, ದೇಶದ ರಸ್ತೆಜಾಲದಲ್ಲಿ ಅವುಗಳ ಪಾಲು ಉದ್ದದ ಲೆಕ್ಕದಲ್ಲಿ ಅತಿ ಚಿಕ್ಕದು. 2025ರ ಜುಲೈ 9ರಂದು ಕುಸಿದು ಕನಿಷ್ಠ ಇಪ್ಪತ್ತು ಜನರನ್ನು ಬಲಿ ತೆಗೆದುಕೊಂಡ ಗುಜರಾತಿನ ಗಂಭೀರಾ ಸೇತುವೆ ರಾಜ್ಯದ ಇಲಾಖೆಯದು. 1985ರಲ್ಲಿ ಬಳಕೆಗೆ ಬಂದ ಅದು ವಯಸ್ಸಿನಲ್ಲಿ ಕಾಳಿ ಸೇತುವೆಯ ಓರಗೆಯದೇ. ಪೀಠ ಮತ್ತು ಕೀಲುಜೋಡಣೆಗಳು ಜಜ್ಜಿಹೋದದ್ದು ಕಾರಣವೆಂದು ಪ್ರಾಥಮಿಕ ತನಿಖೆ ಹೇಳಿತು. ಸೇತುವೆ ಅಲುಗಾಡುತ್ತಿದೆ ಎಂಬ ದೂರು ವರ್ಷಗಳ ಮುಂಚೆಯೇ ಹೋಗಿತ್ತು. ಇನ್ನು ಮುಂಬೈಯ ಸಿಎಸ್‌ಎಂಟಿ ನಿಲ್ದಾಣದ ಬಳಿ 2019ರ ಮಾರ್ಚ್‌ನಲ್ಲಿ ಕುಸಿದ ಪಾದಚಾರಿ ಸೇತುವೆಗೆ ಸ್ವಲ್ಪ ಮುಂಚೆಯಷ್ಟೇ ಆಡಿಟ್ ಆಗಿತ್ತು, ಸಣ್ಣ ದುರಸ್ತಿ ಸಾಕು ಎಂದಿದ್ದರು.

ಶ್ರೀಮಂತ ದೇಶಗಳಲ್ಲೂ ತಪಾಸಣೆಗೂ ದುರಸ್ತಿಗೂ ನಡುವಿನ ಕೊಂಡಿ ಕಳಚುವುದುಂಟು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2022ರ ಜನವರಿ 28ರಂದು ಬಿದ್ದ ಫರ್ನ್ ಹಾಲೊ ಸೇತುವೆಯನ್ನು 2011ರಿಂದಲೂ ತಪಾಸಕರು ಕಳಪೆ ಸ್ಥಿತಿಯದೆಂದು ಬರೆಯುತ್ತಲೇ ಬಂದಿದ್ದರು. ನೀರು ಹೋಗುವ ದಾರಿ ಕಟ್ಟಿಕೊಂಡಿದೆ, ಕಾಲುಗಳ ಉಕ್ಕು ತಿಂದುಹೋಗಿದೆ ಎಂಬ ವರದಿಗಳು ಕಡತದಲ್ಲಿದ್ದವು, ನಗರಾಡಳಿತ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಹಾಗೆ ಬೊಟ್ಟು ಮಾಡಿ ಹೇಳಲು ಒಂದು ಸ್ವತಂತ್ರ ಮಂಡಳಿ ಅಲ್ಲಿದೆ, ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಕಾಳಿ ಸೇತುವೆಯ ಕೇಬಲ್‌ಗಳಿಗೆ ಏನಾಗಿತ್ತೆಂದು ಇನ್ನೊಂದು ಕರಾವಳಿ ಸೇತುವೆಯ ಎಂಜಿನಿಯರ್ ಓದಿ ಕಲಿಯಬಹುದಾದ ಅಂಥ ಸಂಸ್ಥೆಯ ಅಗತ್ಯ ನಮಗಿದೆ.

ರಾಜ್ಯದ ಮಟ್ಟಿಗೆ ಕೂಡಲೇ ಮಾಡಬಹುದಾದ ಕೆಲಸಗಳಲ್ಲಿ ನನಗೆ ಮುಖ್ಯವೆನಿಸುವುದು ಪಟ್ಟಿಯನ್ನು ಬಹಿರಂಗಗೊಳಿಸುವುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ಪ್ರತಿ ಸೇತುವೆಗೆ ಕಟ್ಟಿದ ವರ್ಷ, ಕೊನೆಯ ಪ್ರಧಾನ ತಪಾಸಣೆಯ ದಿನಾಂಕ, ಕೊಟ್ಟ ಶ್ರೇಣಿ, ಹೊರಬಲ್ಲ ಭಾರ, ಹೊಣೆಗಾರ ಕಚೇರಿ ಇವಿಷ್ಟನ್ನು ಜಾಲತಾಣದಲ್ಲೂ ಸೇತುವೆಯ ಬಳಿಯ ಫಲಕದಲ್ಲೂ ಹಾಕಿದರೆ ಸಾಕು. ಹೆದರಿಕೆ ಹುಟ್ಟಿಸುತ್ತದೆ ಎಂಬ ಆಕ್ಷೇಪ ಇಲಾಖೆಯಿಂದ ಬರುತ್ತದೆ. ಹುಟ್ಟಲಿ. ಒಂದು ಶಾಸಕರ ಕ್ಷೇತ್ರದಲ್ಲಿ ಎಷ್ಟು ಸೇತುವೆಗಳು ಕಳಪೆ ಶ್ರೇಣಿಯಲ್ಲಿವೆ ಎಂದು ಮತದಾರನಿಗೆ ಗೊತ್ತಾದ ದಿನವೇ 3054ಕ್ಕೂ ಒಬ್ಬ ವಕೀಲ ಹುಟ್ಟುವುದು. ಎರಡನೆಯದಾಗಿ, ದೊಡ್ಡ ಪ್ರಮಾಣದ ಪುನಶ್ಚೇತನ, ಅಂದರೆ ಕೇಬಲ್ ಸೇರಿಸುವುದು, ಬೇರಿಂಗ್ ಬದಲಾವಣೆ, ಅಡಿಪಾಯದ ರಕ್ಷಣೆಯಂಥ ಆಯುಷ್ಯ ಹೆಚ್ಚಿಸುವ ಕೆಲಸಗಳನ್ನು ಬಂಡವಾಳ ವೆಚ್ಚದಲ್ಲೇ ಸೇರಿಸಲು ಸ್ಪಷ್ಟ ನಿಯಮ ಬೇಕು. ಹಾಗಾದರೆ ಬಡ್ಡಿರಹಿತ ಸಾಲದ ಬಾಗಿಲೂ ಅವಕ್ಕೆ ತೆರೆಯಬಹುದು. ಇದರಲ್ಲಿ ದುರುಪಯೋಗದ ಅಪಾಯ ಇಲ್ಲದಿಲ್ಲ, ಮಾಮೂಲು ಡಾಂಬರನ್ನೂ ಪುನಶ್ಚೇತನವೆಂದು ತೋರಿಸುವವರು ಹುಟ್ಟಿಕೊಳ್ಳುತ್ತಾರೆ. ಹೀಗಾಗಿ ಎಲ್ಲಿ ಗೆರೆ ಎಳೆಯಬೇಕೆಂದು ಲೆಕ್ಕಪರಿಶೋಧಕರ ಜತೆ ಕುಳಿತೇ ತೀರ್ಮಾನಿಸಬೇಕು.

ವಿಶ್ವಬ್ಯಾಂಕ್ ನೆರವಿನ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ ಕರ್ನಾಟಕವು ಕೆಲವು ರಸ್ತೆಗಳನ್ನು ದೀರ್ಘಾವಧಿಯ ಕಾರ್ಯಕ್ಷಮತೆ ಆಧಾರಿತ ಗುತ್ತಿಗೆಗೆ ಕೊಟ್ಟ ಅನುಭವ ಹೊಂದಿದೆ. ಇಲ್ಲಿ ಗುತ್ತಿಗೆದಾರನಿಗೆ ಎಷ್ಟು ಡಾಂಬರು ಸುರಿದ ಎಂಬುದಕ್ಕಲ್ಲ, ರಸ್ತೆ ವರ್ಷವಿಡೀ ನಿಗದಿತ ಸ್ಥಿತಿಯಲ್ಲಿ ಇತ್ತೇ ಎಂಬುದಕ್ಕೆ ಹಣ ಸಿಗುತ್ತದೆ. ಕರಾರಾದ ಮೇಲೆ ಆ ಹಣವನ್ನು ನಡುವೆ ಕಡಿತ ಮಾಡುವುದು ಸರ್ಕಾರಕ್ಕೂ ಸುಲಭವಲ್ಲ, ಅದೇ ಅದರ ನಿಜವಾದ ಲಾಭ. ಆದರೆ ಇದು ದೊಡ್ಡ ರಸ್ತೆಗಳಿಗೆ, ದೊಡ್ಡ ಗುತ್ತಿಗೆದಾರರಿಗೆ ಹೊಂದುವ ಮಾದರಿ.

ಅದರಾಚೆ ಇರುವ ಗ್ರಾಮೀಣ ರಸ್ತೆಗಳ ಸ್ಥಿತಿ ಹೆಚ್ಚು ಚಿಂತೆಯದು. ಗ್ರಾಮ ಸಡಕ್ ಯೋಜನೆಯಲ್ಲಿ ಕಟ್ಟಿದ ರಸ್ತೆಗೆ ಐದು ವರ್ಷದ ನಿರ್ವಹಣೆ ಅದೇ ಗುತ್ತಿಗೆಯಲ್ಲಿ ಸೇರಿರುತ್ತದೆ, ಖರ್ಚು ರಾಜ್ಯದ್ದು. ಆರನೇ ವರ್ಷದಿಂದ ಅದು ಬಜೆಟ್ಟಿನ ಕೃಪೆಗೆ ಬೀಳುತ್ತದೆ. ಚಿಕ್ಕೋಡಿ ಕಡೆಯ ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ಮಹಾರಾಷ್ಟ್ರದಲ್ಲಿ ಮಳೆ ಜೋರಾದಾಗಲೆಲ್ಲ ಕೃಷ್ಣೆಯಲ್ಲಿ ಮುಳುಗುತ್ತವೆ. ನೀರು ಇಳಿದ ಮೇಲೆ ತಡೆಗೋಡೆ, ಡಾಂಬರು, ಅಂಚಿನ ಮಣ್ಣು ಎಷ್ಟು ಉಳಿದಿದೆ ಎಂದು ನೋಡಬೇಕಾಗುತ್ತದೆ. ಆಗ ಬರುವ ಹಣ ವಿಪತ್ತು ಪರಿಹಾರ ನಿಧಿಯದು. ಅದರ ಮಾನದಂಡಗಳು ತುರ್ತು ದುರಸ್ತಿಗೆ ಮಾತ್ರ ಒಪ್ಪುತ್ತವೆ, ಮತ್ತೆ ಮುಳುಗದಂತೆ ಎತ್ತರಿಸಲು ಒಪ್ಪುವುದಿಲ್ಲ. ಮರುವರ್ಷ ಅದೇ ಸೇತುವೆ, ಅದೇ ಪ್ರವಾಹ, ಅದೇ ಅಂದಾಜು ಪಟ್ಟಿ. ಇಂಥ ಸೇತುವೆಗಳ ಐದು ಅಥವಾ ಹತ್ತು ವರ್ಷಗಳ ತುರ್ತು ದುರಸ್ತಿಯ ಬಿಲ್ಲುಗಳನ್ನು ಕೂಡಿ, ಎತ್ತರಿಸಿ ಕಟ್ಟುವ ವೆಚ್ಚದ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಜಿಲ್ಲಾ ಮಟ್ಟದಲ್ಲೇ ಮಾಡಬಹುದು. ಅದಕ್ಕೆ ಬೇಕಾದ ಕಾಗದಪತ್ರಗಳೆಲ್ಲ ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಮತ್ತು ಜಿಲ್ಲಾಧಿಕಾರಿಯ ವಿಪತ್ತು ಶಾಖೆಯ ಕಡತಗಳಲ್ಲಿ ಈಗಾಗಲೇ ಇವೆ, ಮೂರು ಬೇರೆಬೇರೆ ಕಚೇರಿಗಳಲ್ಲಿ.